ಪಾರ್ಕಿನ ಗಣಪನನ್ನು ಮನೆಗೆ ಕರೆದ ಅಜ್ಜಿ

ಮೊನ್ನೆ ಬೆಳಗ್ಗೆ ನೋಡಿದರೆ ನಮ್ಮ ಪಾರ್ಕಿನ ಗಣಪನ ನೆತ್ತಿಯ ಮೇಲೆ ತಗಡಿನ ಸೂರು ಬಂದಿತ್ತು. ನಾಲ್ಕು ಕಂಬ, ಅದಕ್ಕೆ ಹಗ್ಗ.

ಪಾರ್ಕ್ ಅಂದರೆ ಬೋರ್ಡು ಮಾತ್ರ. ಹನುಮಂತನಗರದ ನಮ್ಮ ಬೀದಿಯ ಕೊನೆಯ ಆ ಜಾಗವನ್ನು ಎದುರು ಮನೆ ಶಾರದಮ್ಮಜ್ಜಿಯ ತಂದೆ, ಮಕ್ಕಳು ಆಡಲಿ ಅಂತ ದಾನ ಕೊಟ್ಟಿದ್ದರು. ಅಜ್ಜಿಗೆ ಈಗ ಎಂಬತ್ತು ದಾಟಿದೆ. "ಅಲ್ಲೊಂದು ಉಯ್ಯಾಲೆ ನೋಡದೆ ನಾನು ಕಣ್ಣು ಮುಚ್ಚಲ್ಲ" ಅನ್ನುತ್ತಿರುತ್ತಾರೆ.

ಅಲ್ಲಿರುವುದು ಒಂದು ಹೊಂಗೆ ಮರ, ಮಿಕ್ಕಿದ್ದೆಲ್ಲ ಪಾರ್ಥೇನಿಯಂ... ಜೊತೆಗೆ ಊರವರ ಕಸ.

ಕಸ ನಿಲ್ಲಿಸಲು ಪಕ್ಕದ ಮನೆ ಮೂರ್ತಿ ಅಂಕಲ್ ಒಂದು ಉಪಾಯ ಮಾಡಿದರು. ಮರದ ಬುಡದಲ್ಲಿ ಗಣಪನ ಫೋಟೋ ಇಟ್ಟರು. ದೇವರ ಮುಂದೆ ಯಾರು ತಾನೆ ಕಸ ಹಾಕ್ತಾರೆ?

ಕಸವೇನೋ ನಿಂತಿತು. ಆದರೆ ಹೂವು ಬಂತು, ದೀಪ ಬಂತು, ಎಲ್ಲರ ಮನೆಯ ಹಳೇ ದೇವರ ಫೋಟೋಗಳೂ ಬಂದವು. ಈಗ ಬೀದಿಯವರೇ ಕೆಲವರು ಸೇರಿ ಹಾಕಿಸಿದ ಸೂರು. ಇನ್ನು ಸ್ವಲ್ಪ ದಿನ ಬಿಟ್ಟರೆ ಗೋಡೆಯೇ ಏಳುತ್ತಿತ್ತು, ಆಮೇಲೆ ಮಕ್ಕಳಿಗೆ ಜಾಗವೆಲ್ಲಿ? ತೆಗೆಯೋಣ ಅಂದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು...

ವಿಷಯ ಅಜ್ಜಿಯ ಕಿವಿಗೆ ಬಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಆರತಿ ತಟ್ಟೆ ಹಿಡಿದು ಬಂದೇಬಿಟ್ಟರು.

ಆರತಿ ಎತ್ತಿ, ಅಕ್ಷತೆ ಹಾಕಿ, ಫೋಟೋವನ್ನು ಒಂಚೂರು ಕದಲಿಸಿದರು. ಹಬ್ಬದಲ್ಲಿ ಗಣಪನನ್ನು ನೀರಿಗೆ ಬಿಡುವ ಮುಂಚೆ ಮಾಡುತ್ತೇವಲ್ಲ, ಹಾಗೆ.

"ನಮ್ಮನೆಗೆ ಬಂದ್ಬಿಡಪ್ಪ, ಅಲ್ಲಿ ಕಡುಬು ಮಾಡ್ಕೊಡ್ತೀನಿ. ಇದು ಮಕ್ಕಳ ಜಾಗ," ಅಂದರು ಗಣಪನಿಗೆ. ಆಮೇಲೆ ಅಂಕಲ್ ಕಡೆ ತಿರುಗಿ, "ಮೂರ್ತಿ, ಕೂರಿಸಿದೋನು ನೀನೇ ತಾನೆ? ಹೊತ್ಕೋ."

ಅಂಕಲ್ ತಲೆಯ ಮೇಲೆ ಗಣಪ, ಹಿಂದೆ ಮಿಕ್ಕ ಫೋಟೋಗಳನ್ನು ಹಿಡಿದು, ಜಾಗಟೆ ಬಾರಿಸುತ್ತಾ ನಾವೆಲ್ಲ. ಅಜ್ಜಿಯ ಮನೆಯಲ್ಲಿ ಕೋಸಂಬರಿ, ಪಾನಕ. ಸೂರು ಹಾಕಿಸಿದವರೂ ಬಂದು ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಸಂಜೆ ಅವರೇ ತಗಡು ಬಿಚ್ಚಿದರು. ಹಗ್ಗ ಯಾಕೆ ವೇಸ್ಟ್ ಮಾಡೋದು ಅಂತ ಹೊಂಗೆಯ ಕೊಂಬೆಗೆ ಉಯ್ಯಾಲೆ ಕಟ್ಟಿದೆವು.

ಪಾರ್ಥೇನಿಯಂ ಇನ್ನೂ ಇದೆ. ಬೆಂಚಿಲ್ಲ, ಲೈಟಿಲ್ಲ. ಆದರೂ ಆ ಸಂಜೆ ನನಗಾದ ಖುಷಿ ಅಷ್ಟಿಷ್ಟಲ್ಲ.

ಮೊದಲ ಸರದಿ ಯಾರದು ಅಂತ ಮಕ್ಕಳೆಲ್ಲ ಜಗಳಕ್ಕೆ ನಿಂತಿದ್ದರು. ಅಜ್ಜಿ ಕೋಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಹೋಗಿ ಕೂತುಬಿಟ್ಟರು.

"ನಮ್ಮಪ್ಪ ಜಾಗ ಕೊಟ್ಟಾಗಿಂದ ಕಾಯ್ತಿದೀನಿ. ನಿಮ್ದೆಲ್ಲ ಆಮೇಲೆ. ಜೋರಾಗಿ ತೂಗ್ರೋ."

ನೀವು ಉಯ್ಯಾಲೆ ಆಡಿ ಎಷ್ಟು ಕಾಲ ಆಯ್ತು?