ಬೂದು ಆನೆಯ ಗೋಡೆ

ಅವನನ್ನು ಎಲ್ಲರೂ ಪೇಂಟರ್ ಅಂತಲೇ ಕರೆಯುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ, ಜಂಭಕ್ಕೂ ಕೊರತೆಯಿರಲಿಲ್ಲ. "ನಾನು ಒಂದ್ಸಲ ಕೈ ಹಾಕಿದ್ರೆ ಆ ಗೋಡೆ ಮತ್ತೆ ಬಾಯಿ ಬಿಡಲ್ಲ" ಅನ್ನುತ್ತಿದ್ದ. ಬಾಡಿಗೆದಾರರು ನೋಡಲು ಬರುವ ಮುಂಚೆ ಮನೆ ಮಾಲೀಕರು ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಸಿ ಕಲೆ, ಬಿರುಕು ಒಂದೂ ಕಾಣದ ಹಾಗೆ ಬಣ್ಣದಲ್ಲಿ ಮುಚ್ಚಿಬಿಡುತ್ತಿದ್ದ.

ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆರು ವರ್ಷದ ಮಗಳನ್ನು ಪುಟ್ಟಿ ಅನ್ನುತ್ತಿದ್ದ. ಗೋಡೆಯ ತೂತಿಗೆ ಮೆತ್ತುವುದಕ್ಕೂ ಪುಟ್ಟಿ ಅಂತಲೇ ಹೆಸರು. "ನನ್ನ ತೂತೆಲ್ಲ ಮುಚ್ಚಿರೋಳು ಇವಳೇ" ಅಂತ ನಗುತ್ತಿದ್ದ.

ಒಂದೇ ಕೋಣೆಯ ಸಂಸಾರ. ಮಂಚದ ಪಕ್ಕದ ಗೋಡೆಯ ಆಚೆಗೆ ಬಚ್ಚಲು. ಆ ಗೋಡೆಯಲ್ಲಿ ಕಪ್ಪು ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹಬ್ಬಿದಾಗ ಪೇಂಟರ್ ತನಗೆ ಗೊತ್ತಿದ್ದ ವಿದ್ಯೆಯನ್ನೇ ತೋರಿಸಿದ. ಯಾರದೋ ಗೇಟಿಗೆ ಹೊಡೆದು ಉಳಿದ ಬೂದು ಎಣ್ಣೆ ಬಣ್ಣವಿತ್ತು. ಹಸಿ ಗೋಡೆಯ ಮೇಲೇ ಎರಡು ಕೋಟ್ ಬಳಿದು, ಸೊಂಡಿಲು, ಕಿವಿ ಎಳೆದು ಆನೆ ಮಾಡಿದ. ಮಗಳು ಕುಣಿದಾಡಿಬಿಟ್ಟಳು. ಅಂದಿನಿಂದ ಆನೆಯ ಹೊಟ್ಟೆಗೆ ಮೂಗು ತಾಗಿಸಿಕೊಂಡೇ ಮಲಗುತ್ತಿದ್ದಳು.

ಕೆಮ್ಮು ಶುರುವಾಯಿತು. ಸಿರಪ್ಪುಗಳು ಬದಲಾದವು, ಕೆಮ್ಮು ಬಿಡಲಿಲ್ಲ. ಉಸಿರೆಳೆದರೆ ಎದೆಯಲ್ಲಿ ಸುಂಯ್ ಅನ್ನುತ್ತಿತ್ತು.

"ಮನೇಲಿ ಬೂಷ್ಟು ಇದ್ಯಾ?" ಡಾಕ್ಟರಮ್ಮ ಕೇಳಿದರು.

"ನಾನು ಪೇಂಟರ್ ಮೇಡಂ. ನನ್ನ ಮನೇಲಿ ಅದೆಲ್ಲಿಂದ ಬರ್ಬೇಕು?"

"ಬಣ್ಣ ಬಳಿದ್ರೆ ಬೂಷ್ಟು ಸಾಯಲ್ಲ ಕಣ್ರೀ. ಮಗು ಮಲಗೋ ಕಡೆ ಗೋಡೆ ಒತ್ತಿ ನೋಡಿ."

ಒತ್ತಿದ. ಆನೆಯ ಹೊಟ್ಟೆಯೊಳಗೆ ಬೆರಳು ಹೋಯಿತು. ಬಣ್ಣ ಸಿಪ್ಪೆಯಂತೆ ಕಿತ್ತು ಬಂತು, ಹಿಂದೆಲ್ಲ ಹಸಿ ಹಸಿ ಕಪ್ಪು. ಬಣ್ಣದ ಮೇಲೂ ಹಬ್ಬಿತ್ತು, ಬೂದಿನಲ್ಲಿ ಬೆರೆತು ಕಂಡಿರಲಿಲ್ಲ ಅಷ್ಟೆ. ಊರಿಗೆಲ್ಲ ಮಾಡಿದ್ದನ್ನೇ ಮಗಳಿಗೂ ಮಾಡಿದೆನಲ್ಲ ಅಂದುಕೊಂಡ.

ಗೋಡೆ ಒಣಗುವ ತನಕ ಮಗಳನ್ನು ತಂಗಿಯ ಮನೆಗೆ ಬಿಟ್ಟ. "ಹದಿನೈದೇ ದಿನ ಪುಟ್ಟಿ, ಕರ್ಕೊಂಡು ಹೋಗ್ತೀನಿ" ಅಂದ. ಅವನಿದ್ದ ಬಾಡಿಗೆ ಮನೆಯ ಮಾಲೀಕನೋ, ಬಚ್ಚಲಲ್ಲಿ ಸೋರುವ ಪೈಪಿನ ಮಾತೆತ್ತಿದರೆ "ನೋಡೋಣ" ಅನ್ನುವ ಗಿರಾಕಿ. ಕೊನೆಗೆ ಪೇಂಟರೇ ಪೈಪು ಸರಿಮಾಡಿಸಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಟ್ಟಿಗೆ ಕಾಣುವವರೆಗೂ ಆನೆಯನ್ನು ಕೆರೆದ. ದಿನಾ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಗೋಡೆಗೆ ಅಂಗೈ ಇಡುತ್ತಿದ್ದ. ತಣ್ಣಗೇ ಇರುತ್ತಿತ್ತು. ಹದಿನೈದು ದಿನ ಹೋಗಿ ಐದು ತಿಂಗಳಾಯಿತು. ರಾತ್ರಿ ಒಬ್ಬನೇ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ. ಆ ಕೆಮ್ಮು ಕೂಡ ಇಲ್ಲದ ಮನೆ ಅವನಿಗೆ ಬಿಕೋ ಅನ್ನುತ್ತಿತ್ತು.

ಕಡೆಗೆ ಗೋಡೆ ಒಣಗಿತು. ಸುಣ್ಣ ಬಳಿದು, ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಕರೆತಂದ.

"ಆನೆ ಎಲ್ಲಪ್ಪ?"

"ಓಡಿಸಿಬಿಟ್ಟೆ. ನಿನ್ನ ಉಸಿರು ಕದೀತಿತ್ತು."

ಮಧ್ಯಾಹ್ನ ಅವಳು ಅದೇ ಜಾಗದಲ್ಲಿ, ಗೋಡೆಗೆ ಮೂಗು ತಾಗಿಸಿ ನಿದ್ದೆ ಹೋದಳು. ಅವನು ಪಕ್ಕದಲ್ಲೇ ಕೂತು ಕಿವಿಗೊಟ್ಟ. ಉಸಿರಿನಲ್ಲಿ ಒಂದಿಷ್ಟೂ ಸದ್ದಿಲ್ಲ. ಎಷ್ಟೋ ದಿನಗಳ ಮೇಲೆ ಅವನ ಜೀವಕ್ಕೆ ಸಮಾಧಾನವಾಯಿತು.

ಎದ್ದವಳೇ ಕಣ್ಣುಜ್ಜಿಕೊಂಡು ಬಾಗಿಲ ಬಳಿ ಹೋಗಿ ಚಪ್ಪಲಿ ಹುಡುಕಿದಳು.

"ಅಪ್ಪ, ಹೊತ್ತಾಯ್ತು. ಮನೆಗೆ ಬಿಡು. ಅತ್ತೆ ಕಾಯ್ತಿರ್ತಾರೆ."

ಅವನು ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಹಾಕಿಕೊಟ್ಟ.