ಟವೆಲಿನಡಿಯ ಗ್ರೀಕ್ ದೇವರು

ಹನಗೋಡಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪ್ರಭುಸ್ವಾಮಿ ಗ್ರೀಕರ ಪುರಾಣವನ್ನು ಕಾಮಿಕ್ಸ್ ಮಾಡಲು ಕೂತರೆ ಹಾಲಿನವನ ಕೂಗೂ ಕಿವಿಗೆ ಬೀಳದು. ಆದರೆ ಹೆಂಡತಿ ನೀಲಾಂಬಿಕೆಯ ಕಾಲಿನ ಸದ್ದಾದರೆ ಸಾಕು, ಹೆಗಲ ಟವೆಲು ಹಾಳೆಯ ಮೇಲೆ ಬಿದ್ದಿರುತ್ತದೆ. ಯಾವ ದೇವರನ್ನು ಬರೆದರೂ ಕೈ ತಾನಾಗಿ ಹಣೆಗೆ ವಿಭೂತಿ ಎಳೆದುಬಿಡುತ್ತದೆ. ಸಿಡಿಲಿನ ದೊರೆ ಜೀಯಸ್‌ಗೂ ಮೂರು ಪಟ್ಟೆ ಎಳೆದು, ನಾಲಿಗೆ ಕಚ್ಚಿ, ರಬ್ಬರು ಹುಡುಕುತ್ತಾರೆ. "ಕಂಡೋರ ಎಂಡ್ರ ಇಂದೆ ಓಡೋನಿಗ್ಯಾಕ್ರೀ ವಿಬೂತಿ? ನೀವೂ ಯಾವಳನ್ನೋ ಬರೀತಿದ್ದೀರಿ, ಅದ್ಕೇ ಮುಚ್ಚಾಕ್ತೀರಿ," ಎಂದು, ಅದನ್ನೊಮ್ಮೆ ಇಣುಕಿ ಕಂಡಿದ್ದ ನೀಲಾಂಬಿಕೆಯ ಗುಮಾನಿ. "ಪುರಾಣ ಕಣೇ, ಬುಡು," ಎನ್ನುವುದೊಂದೇ ಮೇಷ್ಟ್ರ ಉತ್ತರ. ಗುಮಾನಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನಂತೆ ಒಳಗೇ ಕಾದು ಕಾದು, ಮೇಷ್ಟ್ರು ಸ್ನಾನಕ್ಕೆ ಹೋದಾಗ ಆಕೆ ಟವೆಲು ಎತ್ತಿಯೇ ಬಿಟ್ಟಳು. ಪಾತಾಳದ ದೊರೆಯ ಪಾಲಾದ ಮಗಳು ವರ್ಷಕ್ಕೊಮ್ಮೆ ತವರಿಗೆ ಬರುವ ಕತೆ. ಆ ಹುಡುಗಿಯ ಗಲ್ಲದಲ್ಲಿ, ಮೆಚ್ಚಿದವನನ್ನು ಕಟ್ಟಿಕೊಂಡು ಹೋದ ತಮ್ಮದೇ ಮಗಳು ಪುಷ್ಪಳ ಮಚ್ಚೆ. ಹಣೆಯಲ್ಲಿ ಅಳಿಸದೆ ಬಿಟ್ಟ ವಿಭೂತಿ. "ಈ ಹೊಸಿಲು ತುಳೀಬೇಡ" ಎಂದು ಮಗಳಿಗೆ ಅಂದವಳು ನೀಲಾಂಬಿಕೆಯೇ. ಕೊನೆಯ ಚೌಕದಲ್ಲಿ ಮಗಳು ಹೊರಗೆ ನಿಂತಿದ್ದಾಳೆ, ಒಳಗೆ ನೀಲಾಂಬಿಕೆಯದೇ ಮೂಗುಬೊಟ್ಟಿನ ತಾಯಿ. ನಡುವಿನ ಬಾಗಿಲನ್ನು ಬರೆದು ಅಳಿಸಿ, ಬರೆದು ಅಳಿಸಿ ಹಾಳೆಯೇ ಸವೆದಿದೆ. ಒದ್ದೆ ತಲೆಯಲ್ಲಿ ಬಂದ ಮೇಷ್ಟ್ರು ಬೆಚ್ಚಿ ನಿಂತರು. "ಆಳೆ ತೂತ್ ಮಾಡ್ಬುಟ್ಟಿದ್ದೀರಲ್ಲ," ಎಂದಳು ನೀಲಾಂಬಿಕೆ ಕಣ್ಣೊರೆಸಿಕೊಂಡು, "ಬಾಗ್ಲು ತೆಗ್ದಂಗೇ ಬರೀರಿ."