ಲಾರಿ ಶೀಟು ತಿಂದ ಜಾಗ

ನಾನು ಕೆಲಸ ಮಾಡುವ ಕಂಪನಿ ಶಹಾಬಾದಿನಿಂದ ಕಲ್ಲು ಮಾರುತ್ತದೆ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲೂ ಅದರ ಸಣ್ಣ ಆಫೀಸುಗಳಿವೆ. ಐದೂ ಕಡೆಯವರು ಫೈಲು ಇಡುವ ಆನ್‌ಲೈನ್ ಸೈಟನ್ನು ನೋಡಿಕೊಳ್ಳುವವಳು ನಾನು. ಅದರಲ್ಲಿ ಎಷ್ಟು ಜಾಗ ತುಂಬಿದೆ ಎಂದು ಪ್ರತಿ ಸೋಮವಾರ ಡೈರಿಯಲ್ಲಿ ಬರೆದಿಡುತ್ತೇನೆ. ಹೋದ ದಸರೆಗೆ ಅದು ನೂರಕ್ಕೆ ತೊಂಬತ್ತು ದಾಟಿತ್ತು.

ಕಾರಣ ಲಾರಿ ಲೋಡಿನ ಲೆಕ್ಕ ಬರೆಯುವ ಶೀಟು. ನಮ್ಮ ಸಾವಕಾರರು ಹೊಸ ಖಾತೆ ಪುಸ್ತಕ ತೆರೆಯುವುದು ದೀಪಾವಳಿ ಪೂಜೆಯ ದಿನ ಮಾತ್ರ. ಕಂಪ್ಯೂಟರ್ ಬಂದ ಮೇಲೂ ಅದೇ ರೂಢಿ: ವರ್ಷಪೂರ್ತಿ ಒಂದೇ ಶೀಟು, ಪ್ರತಿ ಲೋಡಿನ ಫೋಟೋ ಅದರೊಳಗೇ. ಬೆಳಿಗ್ಗೆ ತೆರೆದರೆ ಸಂಜೆಯವರೆಗೆ ಯಾರೂ ಮುಚ್ಚುವುದಿಲ್ಲ. ಒಬ್ಬರು ಒಂದಂಕಿ ತಿದ್ದಿದರೂ ಸೈಟು ಹಿಂದಿನ ಪ್ರತಿಯನ್ನು ಫೋಟೋ ಸಮೇತ ಎತ್ತಿಡುತ್ತದೆ. ಕಣ್ಣಿಗೆ ಕಾಣುವುದು ಒಂದು ಫೈಲು. ಅದರ ಹಿಂದೆ ನಾಲ್ಕುನೂರಕ್ಕೂ ಹೆಚ್ಚು ಹಳೆಯ ಪ್ರತಿಗಳು.

ಇತ್ತೀಚಿನ ಐವತ್ತು ಪ್ರತಿ ಉಳಿಸಿ ಮಿಕ್ಕಿದ್ದು ತೆಗೆಯೋಣ, ತಿಂಗಳಿಗೊಂದು ಶೀಟು ಮಾಡೋಣ ಎಂದು ಮ್ಯಾನೇಜರಿಗೆ ಮೂರು ಸಲ ಹೇಳಿದ್ದೆ.

“ದೀಪಾವಳಿಗಿಂತ ಮೊದಲ ಖಾತೆ ಬದಲ್ ಮಾಡಂತೀರಿ? ಸಾವಕಾರ್ರ ಮುಂದ ನೀವೇ ಹೋಗಿ ಹೇಳ್ರಿ. ನನಗ ನೌಕರಿ ಬೇಕಾಗ್ಯದ,” ಎಂದು ಮೂರು ಸಲವೂ ನಕ್ಕರು.

ಒಂದು ಸೋಮವಾರ ಸೈಟು ಪೂರ್ತಿ ತುಂಬಿ ಯಾವ ಫೈಲೂ ಸೇವ್ ಆಗಲಿಲ್ಲ. ಲೋಡು ಬರೆಯಲಾಗದೆ ವಾಡಿಯಲ್ಲಿ ಲಾರಿಗಳು ನಿಂತವು. ಮ್ಯಾನೇಜರು ನನ್ನ ಕುರ್ಚಿಯಲ್ಲೇ ಕುಳಿತು ದೊಡ್ಡ ಫೋಲ್ಡರ್ ಯಾವುದೆಂದು ಹುಡುಕಿದರು. ಹಳೆಯ ಪ್ರತಿಗಳ ಭಾರ ಫೋಲ್ಡರುಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಕಂಡದ್ದು ಚಿಂಚೋಳಿಯ ಫೋಲ್ಡರ್. ಹೊಸ ಗಣಿಗಾಗಿ ಅಲ್ಲಿ ಸರ್ವೇ ಮಾಡುವ, ನಾವೆಲ್ಲ ಚಾಚಾ ಎನ್ನುವ ಹಿರಿಯರು ಬೇಸಿಗೆಯಿಡೀ ಗುಡ್ಡ ಹತ್ತಿ ತೆಗೆದ ಅಳತೆ, ಫೋಟೋ ಎಲ್ಲ ಅದರಲ್ಲಿದ್ದವು.

“ಬರೇ ಕಲ್ಲು, ಬರೇ ಗುಡ್ಡ! ಯಾರ ಮದುವಿ ಆಲ್ಬಮ್ ಇದು?”

“ಸರ್, ಅದು ಚಾಚಾನ ಸರ್ವೇ, ಮುಟ್ಟಬ್ಯಾಡ್ರಿ. ಶೀಟಿನ ಹಳೀ ಪ್ರತಿ ತೆಗಿತೀನಿ, ಹತ್ತು ನಿಮಿಷ ಕೊಡ್ರಿ.”

“ನಿಮ್ಮ ಹತ್ತು ನಿಮಿಷಕ್ಕ ಲಾರಿ ಕಾಯಂಗಿಲ್ಲ.”

ಅಳಿಸಿದರು. ಅಳಿಸಿದ್ದು ಸೈಟಿನ ಕಸದಬುಟ್ಟಿಯಲ್ಲಿದ್ದು ಅಲ್ಲೂ ಜಾಗ ಹಿಡಿಯುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಅದನ್ನೂ ಖಾಲಿ ಮಾಡಿದರು, ಅದರ ಹಿಂದಿನ ಎರಡನೇ ಬುಟ್ಟಿಯನ್ನೂ. ಇನ್ನು ಅದನ್ನು ಮರಳಿ ತರುವ ದಾರಿಯಿರಲಿಲ್ಲ. ಲಾರಿಗಳು ಹೊರಟವು. ಶೀಟನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಗುರುವಾರದ ಹೊತ್ತಿಗೆ ಜಾಗ ಮತ್ತೆ ತುಂಬುತ್ತ ಬಂದಿತ್ತು.

ಅದೇ ವಾರ ಸಾವಕಾರರು ಸರ್ವೇ ಕೇಳಿದರು.

“ಚಿಂಚೋಳಿಯವ್ರು ಹಾಕೇ ಇಲ್ಲ ಅಂತ ಒಂದ್ ಮೇಲ್ ಬರೀರಿ,” ಎಂದರು ಮ್ಯಾನೇಜರು, ಚಹಾ ತರಿಸಿ ಎಂಬಷ್ಟು ಸಲೀಸಾಗಿ.

  ಸೈಟಿಗೆ ಹಾಕಿದ ಮೇಲೆ ಫೋನಿನಿಂದ ಅಳಿಸಬೇಕೆಂಬುದು ಕಂಪನಿಯ ನಿಯಮ. ಚಾಚಾ ಅದನ್ನು ಪಾಲಿಸಿದ್ದರು. ಅವರ ಬಳಿ ಒಂದು ಚಿತ್ರವೂ ಉಳಿದಿರಲಿಲ್ಲ. ಈಗ ಸೋಮಾರಿ ಎಂಬ ಹೆಸರೂ ಅವರಿಗೇ ಬರಬೇಕಿತ್ತು.

ಮೇಲ್ ಬರೆದೆ. ಯಾರು, ಯಾವ ಫೋಲ್ಡರ್, ಎಷ್ಟು ಹೊತ್ತಿಗೆ ಅಳಿಸಿದರು, ನಾನು ಏನು ಹೇಳಿದ್ದೆ, ಎಲ್ಲ ಬರೆದು ಸಾವಕಾರರಿಗೂ ಐದೂ ಆಫೀಸಿಗೂ ಕಳಿಸಿದೆ. ಆಮೇಲೆ ಯಾರನ್ನೂ ಕೇಳದೆ ಶೀಟಿಗೆ ಐವತ್ತು ಪ್ರತಿಯ ಮಿತಿ ಹಾಕಿ ಮಿಕ್ಕಿದ್ದನ್ನು ತೆಗೆದೆ. ಅರ್ಧ ಸೈಟು ಖಾಲಿಯಾಯಿತು. ಮೊದಲೇ ಇಷ್ಟು ಮಾಡಲು ಬಿಟ್ಟಿದ್ದರೆ ಸಾಕಿತ್ತು ಎಂದು ಹಲ್ಲು ಕಡಿದೆ.

ಸಾವಕಾರರು ಮ್ಯಾನೇಜರಿಗೆ ಏನೂ ಅನ್ನಲಿಲ್ಲ. “ತಪ್ಪು ಯಾರದರೇ ಇರಲಿ, ನನಗ ಸರ್ವೇ ಬೇಕು,” ಎಂದರಷ್ಟೆ. ಮೇಲ್ ಓದಿದ ಚಾಚಾ ಫೋನ್ ಮಾಡಿದರು.

“ಯಾಕ್ ಬೇಟಿ, ನನ್ನ ಸಲುವಾಗಿ ಜಗಳ? ಮತ್ತ ಹೋಗ್ತೀನಿ ಬಿಡು. ಗುಡ್ಡ ಎಲ್ಲಿ ಓಡಿಹೋಗ್ತದ?”

ಅವರು ನಕ್ಕಷ್ಟೂ ನನ್ನ ಸಿಟ್ಟು ಏರಿತು. “ಫೋನಿನಾಗಿಂದ ಒಂದೂ ಅಳಿಸಬ್ಯಾಡ್ರಿ ಚಾಚಾ,” ಎಂದೆ. “ನಾ ಹೇಳೋತನಕ ಅಳಿಸಬ್ಯಾಡ್ರಿ.”

ಈಗ ಅವರು ದಿನಾ ಸಂಜೆ ಗುಡ್ಡ ಇಳಿದು ಫೋನಿನಲ್ಲಿ ಕೇಳುತ್ತಾರೆ: “ಬಂತೇನು?” ಸೈಟಿನಲ್ಲಿ ಒಂದು ಪ್ರತಿ, ನನ್ನ ಡಿಸ್ಕಿನಲ್ಲಿ ಒಂದು ಪ್ರತಿ ಇರುವುದನ್ನು ನೋಡಿಯೇ ಹೇಳುತ್ತೇನೆ: “ಬಂತು.” ಇನ್ನೂ ಅರ್ಧ ಗುಡ್ಡ ಬಾಕಿಯಿದೆ.